ಹೆಸರು ಹೊಡೆಯುವ ಮುನ್ನ

ಕಾಲೇಜು ಶುರುವಾಯಿತೆಂದರೆ ಕೊಪ್ಪಳ ಸೀಮೆಯಲ್ಲಿ ಗುಡ್ಡಗಾಡು ಓಟದ ತಂಡ ಕಟ್ಟುವ ಗಡಿಬಿಡಿ. ಸ್ಟಾಪ್‌ವಾಚ್ ಪಂಥದವರಿಗೆ ಅದಕ್ಕೆ ಒಂದು ಬೆಳಿಗ್ಗೆ ಸಾಕು: 1600 ಮೀಟರ್ ಓಡಿಸುವುದು, ಹಿಂದೆ ಬಿದ್ದವರ ಹೆಸರು ಹೊಡೆಯುವುದು. ಆ ಪಂಥದ ಮೇಲೆ ಈ ಅಂಕಣದ ಮುನಿಸು ಹಳೆಯದು.

1600 ಮೀಟರ್ ಪೊಲೀಸ್ ಭರ್ತಿಯ ಅಳತೆ. ಕಾನ್‌ಸ್ಟೇಬಲ್ ಆಗುವ ಗಂಡಸು ಅದನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕು. ಗುಡ್ಡಗಾಡು ಓಟವೋ 10 ಕಿಲೋಮೀಟರ್. ಮೊಳ ಹಿಡಿದು ಹಾಲು ಅಳೆದಂತಾಯಿತು! ವೇಗ ಕೆಲವೇ ವಾರಗಳಲ್ಲಿ ಕೂಡಿಬರುತ್ತದೆ. ದಮ್ಮು ಕಟ್ಟಲು ತಿಂಗಳುಗಳು, ವರ್ಷಗಳೇ ಬೇಕು. ವಾರಕ್ಕೆ ನೂರು ಮೈಲಿ ಓಡಿಸುತ್ತಿದ್ದ ನ್ಯೂಜಿಲೆಂಡಿನ ಆರ್ಥರ್ ಲಿಡಿಯರ್ಡ್, ಆಕ್ಲೆಂಡಿನಲ್ಲೇ ಸಿಕ್ಕ ಹುಡುಗರನ್ನು ಪಳಗಿಸಿ 1960ರ ರೋಮ್ ಒಲಿಂಪಿಕ್ಸ್‌ನಿಂದ ಎರಡು ಚಿನ್ನ, ಒಂದು ಕಂಚು ತರಿಸಿದ.

ಅಷ್ಟು ದೂರ ಯಾಕೆ, ಬೆಳಗಾವಿಗೇ ಬರೋಣ. ಪುಣೆಯ ಡೆಕ್ಕನ್ ಜಿಮ್ಖಾನಾ ಕೂಟದಲ್ಲಿ ಬರಿಗಾಲಲ್ಲಿ ಓಡಿದ ರೈತಮಕ್ಕಳನ್ನು ಕಂಡು ದೊರಾಬ್ಜಿ ಟಾಟಾ ಒಲಿಂಪಿಕ್ಸ್‌ಗೆ ತಂಡ ಕಳಿಸಲು ಮುಂದಾದರು. 1920ರ ಆಂಟ್‌ವರ್ಪ್ ಮ್ಯಾರಥಾನ್‌ನಲ್ಲಿ ಬೆಳಗಾವಿಯ ಫಡೆಪ್ಪ ಚೌಗುಲೆ 19ನೆಯವರಾಗಿ ಬಂದರು. ದೂರ 42.75 ಕಿಲೋಮೀಟರ್, ಗೆದ್ದ ಫಿನ್‌ಲೆಂಡಿನ ಕೊಲೆಮೈನೆನ್‌ಗಿಂತ 18 ನಿಮಿಷ ಹಿಂದೆ. ನಮ್ಮ ಸ್ಟಾಪ್‌ವಾಚ್ ಮೇಷ್ಟ್ರ ಕೈಗೆ ಸಿಕ್ಕಿದ್ದರೆ ಆ ಹೆಸರು ಹಡಗನ್ನೇ ಹತ್ತುತ್ತಿರಲಿಲ್ಲ.

ಇನ್ನು ಅಂಕದ ಲೆಕ್ಕ. ವಿಶ್ವ ಕ್ರಾಸ್‌ಕಂಟ್ರಿಯಲ್ಲಿ ತಂಡಕ್ಕೆ ಆರು ಮಂದಿ, ಎಣಿಕೆಗೆ ಮೊದಲ ನಾಲ್ವರ ಸ್ಥಾನ. ಮೊತ್ತ ಕಡಿಮೆ ಇದ್ದವರಿಗೆ ಗೆಲುವು. ಲೆಕ್ಕಕ್ಕಿಲ್ಲದ ಐದನೆಯ, ಆರನೆಯವರು ಎದುರಾಳಿಯ ನಾಲ್ಕನೆಯವನನ್ನು ದಾಟಿದರೆ ಅವನ ಸ್ಥಾನ ಎರಡು ಮೆಟ್ಟಿಲು ಕೆಳಗಿಳಿಯುತ್ತದೆ. ನಿಧಾನಿಗಳು ಪಂದ್ಯ ತಿರುಗಿಸುವುದು ಅಲ್ಲೇ.

ತಯಾರಾದ ಓಟಗಾರರನ್ನು ಬೇರೆ ಊರಿಂದ ದತ್ತು ತರುವ ಕಾಲೇಜುಗಳಿಗೆ, ಊರಿನ ಹುಡುಗರನ್ನೇ ಪಳಗಿಸಿ ಎಂಬ ಈ ಮಾತು ರುಚಿಸದು. ರುಚಿಸದಿರಲಿ. ಇಲ್ಲಿ ನೆಲವೇ ಅರ್ಧ ಕೋಚು: ಗಂಗಾವತಿಗೆ ಎಡದಂಡೆ ಕಾಲುವೆಯ ಸಮತಟ್ಟು ದಾರಿ, ಕೊಪ್ಪಳಕ್ಕೆ ಬಂಡೆಗುಡ್ಡ, ಕುಷ್ಟಗಿ-ಯಲಬುರ್ಗಾಕ್ಕೆ ಮುಗಿಯದ ಬಯಲು. ಮಳೆ ಬಿದ್ದ ಎರೆಹೊಲದಲ್ಲಿ ಮಾತ್ರ ಬೂಟಿಗೊಂದು ಸೇರು ಮಣ್ಣು ಮೆತ್ತಿಕೊಳ್ಳುತ್ತದೆ, ಅದು ಬೇರೆ ಮಾತು.

ಪಟ್ಟಿಯಲ್ಲಿ ಆರೇ ಹೆಸರಿರಲಿ, ಬೆಳಗಿನ ಓಟಕ್ಕೆ ಇಪ್ಪತ್ತು ಜನ ಬರಲಿ, ಮೇಷ್ಟ್ರೇ. ತಂಡದಲ್ಲಿ ಜಾಗ ಸಿಗದ ಹುಡುಗನೂ ನಾಳೆ ಪೊಲೀಸ್ ಭರ್ತಿಗೆ ನಿಲ್ಲುವವನೇ. ಆ ಆರೂವರೆ ನಿಮಿಷ ಅವನಿಗೂ ಬೇಕು.