ಗುಣವಾಗದ ಕಾಯಿಲೆ, ದಣಿಯದ ಪ್ರೇಮಿ



ಕಾಯಿಲೆಯ ನಾಯಕಿ ಎಂದರೆ ನಮ್ಮ ತಲೆಮಾರಿಗೆ ಗೊತ್ತಿದ್ದದ್ದು ಒಂದೇ ದಾರಿ. ಇಂಟರ್‌ವಲ್ ಆದ ಮೇಲೆ ತಲೆಸುತ್ತು, ಡಾಕ್ಟರರ ಗಂಭೀರ ಮುಖ, ಕೊನೆಯ ರೀಲಿನಲ್ಲಿ ಸಾವು. ಎರಿಕ್ ಸೀಗಲ್‌ರ 'ಲವ್ ಸ್ಟೋರಿ' (1970) ಓದಿ ಅತ್ತವರೇ ಶಂಕರ್ ನಾಗ್ ಅವರ 'ಗೀತಾ' (1981) ನೋಡಿ ಮತ್ತೊಮ್ಮೆ ಅತ್ತರು. ಇಂಥ ಕಥೆಗಳಲ್ಲಿ ಕಾಯಿಲೆ ಬೇಗ ಮುಗಿಯುತ್ತದೆ; ಪ್ರೀತಿ ಹಳತಾಗಲು ಸಮಯವೇ ಸಿಗುವುದಿಲ್ಲ.

ತಾಲಿಯಾ ಹಿಬರ್ಟ್ ಅವರ 'ಗೆಟ್ ಎ ಲೈಫ್, ಕ್ಲೋಯಿ ಬ್ರೌನ್' (2019) ಈ ದಾರಿ ಹಿಡಿಯುವುದಿಲ್ಲ. ನಾವಿರುವ ಇದೇ ಇಂಗ್ಲೆಂಡಿನ, ನಾಟಿಂಗ್‌ಹ್ಯಾಮ್ ಊರಿನ ಕಥೆ. ಕ್ಲೋಯಿ ಅನುಕೂಲಸ್ಥ ಕರಿಯ ಕುಟುಂಬದ ಹಿರಿಮಗಳು, ಮನೆಯಿಂದಲೇ ವೆಬ್‌ಸೈಟ್ ಮಾಡಿಕೊಡುವವಳು. ಅವಳಿಗಿರುವುದು ಫೈಬ್ರೊಮಯಾಲ್ಜಿಯ. ಮೈತುಂಬ ನೋವು, ಎಷ್ಟು ಮಲಗಿದರೂ ಹೋಗದ ದಣಿವು. ರಕ್ತಪರೀಕ್ಷೆಯಲ್ಲೂ ಎಕ್ಸ್‌ರೇಯಲ್ಲೂ ಕಾಣದ, ಕೊಲ್ಲದ, ಪೂರ್ತಿ ಗುಣವೂ ಆಗದ ಕಾಯಿಲೆ. ಒಂದು ದಿನ ಕಾರಿನಡಿ ಸಿಗುವುದು ಸ್ವಲ್ಪದರಲ್ಲಿ ತಪ್ಪಿ, ಬದುಕಬೇಕು ಅನ್ನಿಸಿ, ಒಂದು ಪಟ್ಟಿ ಬರೆಯುತ್ತಾಳೆ. ಬೇರೆ ಮನೆ ಮಾಡುವುದು, ಮೋಟಾರ್‌ಬೈಕ್ ಏರುವುದು, ಕ್ಯಾಂಪಿಂಗ್ ಹೋಗುವುದು, ಇತ್ಯಾದಿ. ಜೊತೆಯಾಗುವವನು ಅವಳ ಫ್ಲ್ಯಾಟಿನ ಕಟ್ಟಡ ನೋಡಿಕೊಳ್ಳುವ ರೆಡ್, ಒಳ್ಳೆಯ ಚಿತ್ರಕಾರ. ಶಯನಗೃಹದ ದೃಶ್ಯಗಳು ಧಾರಾಳವಾಗಿವೆ. ಮುಜುಗರ ಪಡುವವರಿಗೆ ಈಗಲೇ ಹೇಳಿಬಿಟ್ಟಿದ್ದೇನೆ!

ನನಗೆ ಹಿಡಿಸಿದ್ದು ನೋವಿನ ಲೆಕ್ಕಾಚಾರ. ಇವತ್ತು ಮರ ಹತ್ತಿ ಬೆಕ್ಕನ್ನು ಇಳಿಸಿದರೆ ಅದರ ಬಾಕಿಯನ್ನು ದೇಹ ಆಮೇಲೆ ಬಡ್ಡಿ ಸಮೇತ ವಸೂಲು ಮಾಡುತ್ತದೆ. ಕ್ಲೋಯಿ ಇದನ್ನು ಗೊಣಗದೆ, ಸಂತಳ ಹಾಗೆ ಸಹಿಸುತ್ತಲೂ ಇರದೆ, ಚುರುಕು ನಾಲಿಗೆಯಿಂದ ಹೇಳುತ್ತಾಳೆ. ಮದುವೆ ನಿಶ್ಚಯವಾಗಿದ್ದವನು ಬಿಟ್ಟುಹೋದ, ಗೆಳತಿಯರು ದೂರ ಸರಿದರು. 'ನೋಡಿದರೆ ಚೆನ್ನಾಗಿಯೇ ಇದ್ದೀಯಲ್ಲ' ಎಂಬ ಮಾತನ್ನು ಕೇಳಿ ಸಾಕಾದವರಿಗೆ ಈ ಪುಟಗಳು ದೊಡ್ಡ ಸಮಾಧಾನ. ಕೊನೆಯ ಪುಟದಲ್ಲೂ ಕಾಯಿಲೆ ಇದೆ, ಪ್ರೀತಿಯೂ ಇದೆ. ಪ್ರೀತಿ ಬಂತೆಂದು ನೋವು ಓಡಿಹೋಗುವುದಿಲ್ಲ.

ನನ್ನ ತಕರಾರು ರೆಡ್ ಬಗ್ಗೆ. ಅವನು ದಣಿಯುವುದೇ ಇಲ್ಲ. ಅವಳ ನೋವನ್ನು ಅವಳು ಹೇಳುವ ಮೊದಲೇ ಅರಿಯುತ್ತಾನೆ. ಕಥೆಯ ಕೊನೆಗೆ ಬರುವ ಬಿರುಕೂ ಅವನ ಹಳೆಯ ಪ್ರೇಮದ ಗಾಯದಿಂದ ಹುಟ್ಟಿದ್ದು. ಕಾಯಿಲೆಗೂ ಅದಕ್ಕೂ ಸಂಬಂಧವಿಲ್ಲ. ಹೀಗಾಗಿ ಕಾದಂಬರಿಯ ಅತಿ ಕಷ್ಟದ ಪ್ರಶ್ನೆ ಕೇಳದೆ ಉಳಿಯಿತು. ಹತ್ತನೆಯ ವರ್ಷದ ಒಂದು ಸೋಮವಾರ, ಅವಳು ಏಳಲಾಗದೆ ಮಲಗಿದ್ದಾಗ, ಅವನಿಗೂ ಬೇಸರವಾದರೆ? ಆಗಲೂ ಅದು ಪ್ರೀತಿಯೇ ಅಲ್ಲವೆ?

ತ್ರಿವೇಣಿಯವರ 'ಶರಪಂಜರ' (ಪುಟ್ಟಣ್ಣ ಕಣಗಾಲ್ 1971ರಲ್ಲಿ ತೆರೆಗೆ ತಂದದ್ದು) ನೆನಪಾದದ್ದು ಇಲ್ಲೇ. ಎರಡೂ ಬೇರೆ ಬೇರೆ ಕಾಯಿಲೆ, ಒಪ್ಪುತ್ತೇನೆ. ಆದರೆ ಕಾವೇರಿ ಗುಣವಾಗಿ ಮನೆಗೆ ಬರುತ್ತಾಳೆ, ಮನೆಯವರ ಕಣ್ಣಿನ ಅನುಮಾನ ಗುಣವಾಗುವುದಿಲ್ಲ. ಕ್ಲೋಯಿಯ ಕಾಯಿಲೆ ಗುಣವಾಗುವುದಿಲ್ಲ, ಆದರೆ ಅವಳನ್ನು ನಂಬುವ ಕಣ್ಣು ಸಿಗುತ್ತದೆ. ತ್ರಿವೇಣಿ ಮನೆಯೊಳಗಿನ ಕ್ರೌರ್ಯವನ್ನು ಪೂರ್ತಿ ಕಂಡರು. ಹಿಬರ್ಟ್ ಮನೆಯೊಳಗಿನ ಅಕ್ಕರೆಯನ್ನು ಪೂರ್ತಿ ಕಂಡರು. ನಮ್ಮಲ್ಲಿ ಹೆಚ್ಚಿನವರು ಇವೆರಡರ ನಡುವೆ ಬದುಕುತ್ತೇವೆ. ಅದರಲ್ಲೂ ಪರದೇಶದಲ್ಲಿ ಪಕ್ಕದ ಮನೆಯಿಂದ ಒಂದು ಪಾತ್ರೆ ಸಾರು ಬರುವುದಿಲ್ಲ, ಊರಿಂದ ಅತ್ತಿಗೆ ಬಂದು ಹದಿನೈದು ದಿನ ನಿಲ್ಲುವುದಿಲ್ಲ. ಆಫೀಸು, ಮಕ್ಕಳ ಸ್ಕೂಲು, ಮಲಗಿದವರ ಆರೈಕೆ, ಎಲ್ಲ ಇಬ್ಬರ ಹೆಗಲ ಮೇಲೆ. ಕ್ಲೋಯಿಗೆ ತವರಿನ ಹಣದ ಆಸರೆಯಿದೆ. ಅದಿಲ್ಲದ ಮನೆಯಲ್ಲಿ ಇದೇ ಪ್ರೇಮಕಥೆ ಹೇಗೆ ನಡೆಯುತ್ತಿತ್ತು?

ರೊಮಾನ್ಸ್ ಕಾದಂಬರಿಯಲ್ಲಿ ಇದನ್ನೆಲ್ಲ ಕೇಳಬಹುದೆ ಎಂದು ಕೆಲವರು ಹುಬ್ಬೇರಿಸಬಹುದು. ಕೇಳಬಹುದು. ನೋವಿನ ವಿಷಯದಲ್ಲಿ ಇಷ್ಟು ಪ್ರಾಮಾಣಿಕವಾಗಿರುವ ಪುಸ್ತಕ ಆರೈಕೆಯ ವಿಷಯದಲ್ಲೂ ಹಾಗಿರಲಿ ಎಂಬ ಆಸೆಯನ್ನು ತಾನೇ ಹುಟ್ಟಿಸುತ್ತದೆ.

ಲೈಬ್ರರಿಯಲ್ಲಿ ಸಿಕ್ಕರೆ ಓದಿ. ನಗಿಸುತ್ತದೆ, ಯಾರನ್ನೂ ಸಾಯಿಸುವುದಿಲ್ಲ. ಮನೆಯಲ್ಲಿ ವರ್ಷಗಟ್ಟಲೆ ಆರೈಕೆ ಮಾಡಿದವರು ಓದಿದರೆ, ರೆಡ್ ನಿಮಗೆ ನಿಜವೆನಿಸಿದನೋ ಇಲ್ಲವೋ ದಯವಿಟ್ಟು ನಾಲ್ಕು ಸಾಲು ಬರೆದು ಕಳಿಸಿ.