ಪಂದ್ಯಪಟ್ಟಿಯೊಳಗಿನ ಪ್ರೇಮ

ಕೆನಡಾದ ಕ್ರೇವ್ ಸ್ಟ್ರೀಮಿಂಗ್ ವೇದಿಕೆಯಲ್ಲಿ 2025ರ ನವೆಂಬರ್‌ನಲ್ಲಿ ಶುರುವಾದ ‘ಹೀಟೆಡ್ ರೈವಲ್ರಿ’ ಆರು ಕಂತುಗಳ ಸರಣಿ. ರೇಚಲ್ ರೀಡ್ ಅವರ 2019ರ ಕಾದಂಬರಿಯನ್ನು ಜೇಕಬ್ ಟಿಯರ್ನಿ ತೆರೆಗೆ ತಂದಿದ್ದಾರೆ. ಕೆನಡಾದ ಶೇನ್, ರಷ್ಯಾದ ಇಲ್ಯಾ ಐಸ್ ಹಾಕಿಯಲ್ಲಿ ಬದ್ಧ ಎದುರಾಳಿಗಳು, ಗುಟ್ಟಿನಲ್ಲಿ ಪ್ರೇಮಿಗಳು. ಸರಣಿ ಗೆದ್ದದ್ದು ಹಸಿಬಿಸಿ ದೃಶ್ಯಗಳಿಂದ ಎನ್ನುವವರಿದ್ದಾರೆ. ಅಂಥ ದೃಶ್ಯಗಳು ಧಾರಾಳವಾಗಿವೆ, ನಿಜ. ಆದರೆ ನೋಡುಗರನ್ನು ಕಟ್ಟಿಹಾಕುವುದು ಕಾಯುವಿಕೆ.

ಇಬ್ಬರ ತಂಡ ಬೇರೆ, ಊರು ಬೇರೆ. ಪಂದ್ಯಪಟ್ಟಿ ಒಂದೂರಿಗೆ ತಂದಾಗಷ್ಟೇ ಭೇಟಿ, ಒಂದು ಹೋಟೆಲ್ ಕೋಣೆ, ಆಮೇಲೆ ತಿಂಗಳುಗಟ್ಟಲೆ ಅಗಲಿಕೆ. ಗುಟ್ಟು ಬಯಲಾಗದಂತೆ ಫೋನಿನಲ್ಲಿ ಒಬ್ಬನ ಹೆಸರು ‘ಲಿಲಿ’, ಇನ್ನೊಬ್ಬನದು ‘ಜೇನ್’. ವರ್ಷಗಳು ಹೀಗೇ ಉರುಳುತ್ತವೆ. ಹಳೆಯ ಪ್ರೇಮಕಥೆಗಳಲ್ಲಿ ಮನೆತನಗಳು ಒಡ್ಡುತ್ತಿದ್ದ ಅಡ್ಡಿಯನ್ನು ಇಲ್ಲಿ ಕ್ರೀಡೆಯೇ ಒಡ್ಡುತ್ತದೆ. ಅವರನ್ನು ಮತ್ತೆ ಮತ್ತೆ ಎದುರುಬದುರು ನಿಲ್ಲಿಸುವುದೂ ಅದೇ. ಸಾವಿರಾರು ಜನರ ಮುಂದೆ ಮೈಗೆ ಮೈ ಗುದ್ದಬಹುದು, ಕೈ ಹಿಡಿಯುವಂತಿಲ್ಲ.

ತಂದೆ ತೀರಿಕೊಂಡಾಗ ರಷ್ಯಾಕ್ಕೆ ಹೋದ ಇಲ್ಯಾ, ಶೇನ್‌ಗೆ ಫೋನ್ ಮಾಡಿ ಮನಸ್ಸಿನಲ್ಲಿದ್ದುದನ್ನೆಲ್ಲ ರಷ್ಯನ್‌ನಲ್ಲಿ ತೋಡಿಕೊಳ್ಳುತ್ತಾನೆ. ಶೇನ್‌ಗೆ ಆ ಭಾಷೆ ಬಾರದು. ಹೇಳಿಕೊಂಡು ಹಗುರಾಗಬೇಕು, ಆದರೆ ಸಿಕ್ಕಿಬೀಳಬಾರದು ಎಂಬ ಸಂಕಟ ಅಲ್ಲಿ ಪೂರ್ತಿ ದಕ್ಕಿದೆ. ಅಮೆರಿಕದವರಾದ ಕಾನರ್ ಸ್ಟೋರಿ ಇಲ್ಯಾನ ಪಾತ್ರದಲ್ಲಿ ಅದ್ಭುತವಾಗಿ ನಟಿಸಿದ್ದಾರೆ. ಇಡೀ ಸರಣಿಯ ಶಿಖರ ಈ ದೃಶ್ಯ.

ಸರಣಿ ಸೋತಿರುವುದು ಆಟದ ಚಿತ್ರಣದಲ್ಲಿ. ಇವರಿಬ್ಬರು ಯಾಕೆ ಅಷ್ಟು ದೊಡ್ಡ ಆಟಗಾರರು ಎಂಬುದು ಅಂಕಣದಲ್ಲಿ ಕಾಣುವುದಿಲ್ಲ. ಪೈಪೋಟಿಯ ಕಾವು ಮಾತಿನಲ್ಲೇ ಉಳಿಯುತ್ತದೆ. ಮೊದಲ ಕಂತುಗಳು ವರ್ಷದಿಂದ ವರ್ಷಕ್ಕೆ ಜಿಗಿಯುವ ಆತುರವೂ ಅತಿ.

ಆದರೂ ಸ್ಕಾಟ್ ಹಂಟರ್ ಎಂಬ ಹಿರಿಯ ಆಟಗಾರ ಕಪ್ ಗೆದ್ದ ರಾತ್ರಿ ತನ್ನ ಸಂಗಾತಿ ಕಿಪ್‌ನನ್ನು ಅಂಕಣಕ್ಕೆ ಕರೆದು ಎಲ್ಲರೆದುರು ಮುತ್ತಿಡುವಾಗ ಈ ಕೊರತೆಗಳು ಮರೆತುಹೋಗುತ್ತವೆ. ಶೇನ್, ಇಲ್ಯಾ ಅದನ್ನು ಬೇರೆಬೇರೆ ಕಡೆ ಕುಳಿತು ಟೀವಿಯಲ್ಲಿ ನೋಡುತ್ತಾರೆ. ಒಬ್ಬನ ಧೈರ್ಯ ಇನ್ನಿಬ್ಬರ ಬಾಳನ್ನು ತಿರುಗಿಸುತ್ತದೆ. ಸಲಿಂಗ ಪ್ರೇಮವೆಂದರೆ ಸಾವು, ಬೇರ್ಪಡುವಿಕೆ ಎಂದೇ ತೋರಿಸುತ್ತ ಬಂದ ಎಷ್ಟೋ ಚಿತ್ರಗಳ ನಂತರ ಈ ಸಂತೋಷ ಬೇಕಾಗಿತ್ತು. ಇದನ್ನು ಬರೀ ಕನಸುಗಾರಿಕೆ ಎಂದು ತಳ್ಳಿಹಾಕುವುದು ಅನ್ಯಾಯ. ವಾಸ್ತವದಲ್ಲಿ ಇಲ್ಲದ್ದನ್ನು ಮೊದಲು ಕನಸಿನಲ್ಲೇ ಕಾಣಬೇಕು: 1917ರಲ್ಲಿ ಹುಟ್ಟಿದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ಪಂದ್ಯವಾಡಿದ ಒಬ್ಬನೇ ಒಬ್ಬ ಆಟಗಾರನೂ ಈ ಸರಣಿ ಬರುವವರೆಗೆ ತಾನು ಸಲಿಂಗಿ ಎಂದು ಬಹಿರಂಗವಾಗಿ ಹೇಳಿಕೊಂಡಿರಲಿಲ್ಲ.