ಜಾಲಿ ಮುಳ್ಳಿನ ದಾರಿಯಲ್ಲಿ ಸೈಕಲ್

ಹೂವಿನ ಹಡಗಲಿ ಸುತ್ತಿನ ಮಲ್ಲಿಗೆ ತೋಟಗಳಲ್ಲಿ ಮೊಗ್ಗು ಬಿಡಿಸುವ ಕೆಲಸ ನಸುಕಿನಲ್ಲೇ ಶುರುವಾಗುತ್ತದೆ. ಅಷ್ಟು ಹೊತ್ತಿಗೆ ಬಸ್ಸು ಎಲ್ಲಿಯದು? ನಡೆಯಬೇಕು, ಇಲ್ಲವೇ ಸೈಕಲ್ ತುಳಿಯಬೇಕು. ಜನ ಕೆಲಸಕ್ಕೆ ಹೇಗೆ ಹೋಗುತ್ತಾರೆಂದು 2011ರ ಜನಗಣತಿ ಲೆಕ್ಕ ಹಾಕಿತು. ಆದರೆ ರೈತರನ್ನೂ ಕೃಷಿ ಕೂಲಿಕಾರರನ್ನೂ ಆ ಲೆಕ್ಕದಿಂದ ಹೊರಗಿಟ್ಟಿತು. ಉಳಿದ ಕೆಲಸಗಾರರಲ್ಲೇ ದೇಶದಲ್ಲಿ ಸುಮಾರು 2.6 ಕೋಟಿ ಮಂದಿ ಸೈಕಲ್ ಸವಾರರು ಸಿಕ್ಕರು. ಹೊಲಕ್ಕೆ ಸೈಕಲ್ ತುಳಿಯುವವರು ಮಾತ್ರ ಲೆಕ್ಕಕ್ಕೇ ಬರಲಿಲ್ಲ.

ಲೆಕ್ಕ ತಪ್ಪಿದಲ್ಲಿ ರಸ್ತೆಯೂ ತಪ್ಪುತ್ತದೆ. ಮೈಸೂರಿಗೆ 2017ರಲ್ಲಿ 'ಟ್ರಿಣ್ ಟ್ರಿಣ್' ಬಾಡಿಗೆ ಸೈಕಲ್ ಬಂತು. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ 2020ರಲ್ಲಿ ಸೈಕಲ್‌ಗೆಂದೇ ಪಥ ಬಿಡಿಸಿದರು. ಎರಡೂ ಒಳ್ಳೆಯ ಪ್ರಯತ್ನಗಳೇ. ಆದರೆ ಅವುಗಳ ಮಾತು ಕಾರು ಬಿಟ್ಟು ಸೈಕಲ್ ಹಿಡಿಯಿರಿ ಎಂಬುದು. ಕೂಡ್ಲಿಗಿ, ಹರಪನಹಳ್ಳಿ ಕಡೆ ಕಥೆ ತಿರುಗಮುರುಗ: ಇಲ್ಲಿ ಜನ ಸೈಕಲ್ ಬಿಟ್ಟು ಬೈಕು ಹತ್ತಿದವರು. ಕಂತು ಕಟ್ಟಿಯಾದರೂ ಗಾಡಿ ಕೊಂಡರೆ ಮರ್ಯಾದೆ, ಸೈಕಲ್ ತುಳಿದರೆ ಬಡತನ ಎಂಬ ಭಾವನೆ ಬೇರೂರಿದೆ. ಈ ಭಾವನೆಯನ್ನು ಮುಟ್ಟದ ಯಾವ ಅಭಿಯಾನವೂ ಈ ಸೀಮೆಯಲ್ಲಿ ನಡೆಯದು.

ದೂರದ ವಿಷಯದಲ್ಲಿ ಪ್ರಾಮಾಣಿಕವಾಗಿ ಮಾತಾಡಬೇಕು. ಕೂಡ್ಲಿಗಿಯಿಂದ ಕೊಟ್ಟೂರಿಗೆ 20 ಕಿ.ಮೀ.ಗೂ ಹೆಚ್ಚು, ಹಗರಿಬೊಮ್ಮನಹಳ್ಳಿಯಿಂದ ಹಡಗಲಿ ಇನ್ನೂ ದೂರ. ದಿನವೂ ಅಷ್ಟು ತುಳಿದು ಕೆಲಸ ಮಾಡಿ ಎನ್ನುವುದು ಅನ್ಯಾಯ. ಹಳ್ಳಿಯಿಂದ ತಾಲ್ಲೂಕು ಕೇಂದ್ರಕ್ಕೆ ಇರುವ ಐದಾರು ಕಿ.ಮೀ. ಮಾತ್ರ ಸೈಕಲ್ಲಿಗೆ ಹೇಳಿ ಮಾಡಿಸಿದ ದೂರ, ಅರ್ಧ ಗಂಟೆಯ ದಾರಿ.

ಬಿಸಿಲಿನ ಮಾತೂ ಇದೆ. ಏಪ್ರಿಲ್–ಮೇ ತಿಂಗಳಲ್ಲಿ ಈ ಸೀಮೆಯೂ ಸೇರಿದ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುತ್ತಾರೆ. ಹೋಗುವಾಗ ತಂಪು, ಸರಿ. ಮರಳುವ ನೌಕರನಿಗೆ ಮಾತ್ರ ನೆತ್ತಿ ಸುಡುವ ಹೊತ್ತೇ ಗಂಟು ಬೀಳುತ್ತದೆ. ರಸ್ತೆ ಬದಿಗೆ ಬೇವು, ಹುಣಸೆ ನೆರಳಿದ್ದರೆ ತಡೆದುಕೊಂಡಾನು. ಇರುವುದು ಬಹುಪಾಲು ಬಳ್ಳಾರಿ ಜಾಲಿ.

ಆ ಜಾಲಿ ನೆರಳು ಕೊಡುವುದು ಅಷ್ಟಕ್ಕಷ್ಟೆ, ಮುಳ್ಳು ಕೊಡುವುದು ಧಾರಾಳ. ಲಾರಿಗೆ ಹೆದರಿ ಡಾಂಬರು ಬಿಟ್ಟು ಮಣ್ಣಿಗಿಳಿದರೆ ಮುಳ್ಳು ಟೈರಿನೊಳಗೇ. ಪಂಕ್ಚರ್ ಅಂಗಡಿಯವನು ಟ್ಯೂಬನ್ನು ಹೊರಗೆಳೆದು, ಗಾಳಿ ತುಂಬಿ, ಬೋಗುಣಿಯ ನೀರಲ್ಲಿ ಗೇಣುಗೇಣಾಗಿ ಅದ್ದುತ್ತಾನೆ. ಗುಳ್ಳೆ ಎದ್ದ ಕಡೆ ಉಜ್ಜಿ, ಸೊಲ್ಯೂಷನ್ ಸವರಿ, ಊದಿ ಒಣಗಿಸಿ ತೇಪೆ ಹಚ್ಚುತ್ತಾನೆ. ಟೈರಿನ ಒಳಮೈಗೆ ಬೆರಳಾಡಿಸಿ ಮುರಿದ ಮುಳ್ಳಿನ ತುದಿ ಹುಡುಕದಿದ್ದರೆ ನಾಳೆ ಮತ್ತೆ ಅದೇ ಪಾಡು. ಮಳೆಗಾಲದಲ್ಲಿ ಎರೆಮಣ್ಣು ಮಡ್‌ಗಾರ್ಡಿಗೆ ಮೆತ್ತಿ ಗಾಲಿಯೇ ತಿರುಗದು; ಆಗ ಸವಾರನೇ ಸೈಕಲ್ ಹೊರಬೇಕು. ಕೂಲಿಗೆ ತಡವಾದರೆ ಆ ದಿನದ ಗಂಜಿಗೆ ಕುತ್ತು.

ಸರ್ಕಾರ ಏನೂ ಮಾಡಲಿಲ್ಲ ಎನ್ನುವಂತಿಲ್ಲ. 2006–07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಟ್ಟಿತು. ಹಳ್ಳಿಯ ಹೆಣ್ಣುಮಕ್ಕಳು ಗುಂಪಾಗಿ ಪ್ರೌಢಶಾಲೆಗೆ ಸೈಕಲ್ ತುಳಿದದ್ದು ಈ ನಾಡು ಕಂಡ ದೊಡ್ಡ ಬದಲಾವಣೆ. ಬಿಡುವಿದ್ದಾಗ ಅದೇ ಸೈಕಲ್ ಅಪ್ಪನ ಸನಿಕೆ, ಬುತ್ತಿಗಂಟು ಹೊತ್ತು ಹೊಲಕ್ಕೂ ಹೋಯಿತು. ಕೋವಿಡ್ ಬಂದು ಯೋಜನೆ ನಿಂತಿತು. ಅದು ಮತ್ತೆ ಶುರುವಾಗಬೇಕು. ಜೊತೆಗೆ ಹಳ್ಳಿಯಿಂದ ತಾಲ್ಲೂಕು ಕೇಂದ್ರದವರೆಗೆ ಡಾಂಬರಿನ ಅಂಚಿಗೆ ಮುಳ್ಳಿಲ್ಲದ ಒಂದು ಮಾರು ಗಟ್ಟಿ ದಾರಿ, ಅದರ ಬದಿಗೆ ಬೇವಿನ ಸಾಲು ಬೇಕು. ಸೈಕಲ್ ಕೊಟ್ಟ ಅಷ್ಟು ವರ್ಷಗಳಲ್ಲಿ ಈ ಕೆಲಸ ಉಳಿದುಹೋಯಿತು.